ಕಾಕು ಮೊದಲು ತಿಂದ ಅಣಬೆ

ಚಿಕ್ಕಮ್ಮನೆಂಬಂತೆ ನಾನು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆಯ ಬೆರಳ ತುದಿಗಳು ಸುಟ್ಟು ಸುಟ್ಟು ಗಾಜಿನಂತೆ ನುಣುಪಾಗಿದ್ದವು. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಜೀವಮಾನವಿಡೀ ಬರಿಗೈಯಲ್ಲೇ ತಿರುವಿ ಹಾಕಿದ ಬೆರಳುಗಳವು. ಪಡಿತರ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದರೆ ಮಷೀನು ಮೂರು ಸಲ ಕೆಂಪು ದೀಪ ತೋರಿಸುತ್ತಿತ್ತು. "ನಾ ಇದ್ದೇನೋ ಇಲ್ಲೋ ಅಂತ ಇದಕ್ಕೂ ಗುಮಾನಿ ನೋಡ್ರಿ" ಎಂದು ಸಾಲಿನಲ್ಲಿದ್ದವರನ್ನು ನಗಿಸುತ್ತಿದ್ದರು.

ನಮ್ಮೂರು ಮಾದನಹಿಪ್ಪರಗಾದಲ್ಲಿ ಮದುವೆಯಿರಲಿ, ತೊಟ್ಟಿಲಿರಲಿ, ರೊಟ್ಟಿ ಅವರ ಮನೆಯದೇ. ಅವರದೊಂದು ಕಟ್ಟುನಿಟ್ಟಿತ್ತು. ಹೊಸ ಪದಾರ್ಥ ಯಾವುದನ್ನೇ ಮಾಡಿದರೂ ಮೊದಲು ತಾವು ತಿಂದು, ಎರಡು ತಾಸು ಕಾದು, ಆಮೇಲೆ ಬೇರೆಯವರಿಗೆ ಕೊಡುವುದು. "ಮಾಡಿದಾಕಿ ನಾನು. ಮೊದಲ ನನ್ನ ಹೊಟ್ಟಿ ಒಪ್ಪಲಿ" ಎನ್ನುತ್ತಿದ್ದರು.

ಪದವಿ ಮುಗಿಸಿ, ಪರೀಕ್ಷೆಗೆ ಓದುವ ನೆಪದಲ್ಲಿ ನಾನು ಮನೆಯಲ್ಲಿದ್ದ ವರ್ಷ. ಓದಿದ್ದಕ್ಕಿಂತ ಮೊಬೈಲಿನಲ್ಲಿ ಆಟ ಆಡಿದ್ದೇ ಹೆಚ್ಚು. ಅದರಲ್ಲಿ ಒಬ್ಬ ವೀರ ಕಾಡಿನಲ್ಲಿ ಅಲೆಯುತ್ತಾನೆ. ಗಾಯವಾದಾಗ ಅಣಬೆ ಕಿತ್ತು, ಕಡ್ಡಿಗೆ ಚುಚ್ಚಿ, ಬೆಂಕಿಯಲ್ಲಿ ಸುಟ್ಟು ತಿನ್ನುತ್ತಾನೆ. ತಿಂದ ಕೂಡಲೇ ಕಳೆದುಕೊಂಡ ಜೀವವೆಲ್ಲ ತುಂಬಿ ಬರುತ್ತದೆ. ಕಾಕು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಉಪ್ಪಿಲ್ಲ, ಖಾರ ಇಲ್ಲ. ಇದನ್ನ ತಿಂದು ಹೆಂಗ ಜೀವ ಬರ್ತದಬೇ ಇವಗ?"

"ಆಟ ರೀ ಕಾಕು, ಅದು."

"ಆಟ ಆದ್ರೇನು, ಉಣ್ಣೋದು ಉಣ್ಣೋದೇ. ನೀ ಅಣಬಿ ತಂದುಕೊಡು, ಶೇಂಗಾ ಹಿಂಡಿ ಹಚ್ಚಿ ಸುಟ್ಟು ತೋರಸ್ತೇನಿ. ಆದ್ರ ಹುತ್ತದ ಮ್ಯಾಲಿಂದೇ ಆಗಬೇಕು. ತಿಪ್ಪಿದು ಮುಟ್ಟಬ್ಯಾಡ."

ಮರುದಿನ ಮಳೆ ನಿಂತ ಮೇಲೆ ಹೊಲಕ್ಕೆ ಹೋದೆ. ಹುತ್ತದ ಬಳಿ ಇದ್ದವು ನಾಲ್ಕೇ, ಅವೂ ಬಾಡಿದ್ದವು. ತಿರುಗಿ ಬರುವಾಗ ತಿಪ್ಪೆಯ ಅಂಚಿನಲ್ಲಿ ಅಂಗೈ ಅಗಲದ ಬಿಳಿ ಕೊಡೆಗಳು, ಮೇಲೆ ಕಂದು ಚುಕ್ಕೆ. ಥೇಟ್ ಆಟದಲ್ಲಿದ್ದಂತೆ. ಹುತ್ತದ ಅಣಬೆಗೆ ಮಣ್ಣೊಳಗೆ ಗೇಣುದ್ದದ ಬೇರು ಇಳಿದಿರುತ್ತದೆ, ಕಾಕು ಅದನ್ನೇ ನೋಡುತ್ತಾರೆಂದು ನನಗೆ ಗೊತ್ತಿತ್ತು. ದಂಟು ಮುರಿದೊಗೆದು ಕೊಡೆಗಳನ್ನಷ್ಟೇ ಒಯ್ದೆ.

"ಬ್ಯಾರು ಎಲ್ಲಿ?"

"ಕೀಳುವಾಗ ಮುರೀತ್ರಿ."

"ಹುತ್ತದ್ದೇ ಹೌದಲ್ಲ?"

"ಹೌದ್ರಿ ಕಾಕು."

ಮತ್ತೆ ಕೇಳಲಿಲ್ಲ. ನಂಬಿದರು.

ತೊಗರಿ ಕಟ್ಟಿಗೆಯ ತೆಳು ಕಡ್ಡಿಗಳಿಗೆ ಚುಚ್ಚಿ, ಶೇಂಗಾ ಹಿಂಡಿಯ ಚಟ್ನಿಪುಡಿ ಸವರಿ, ಕೆಂಡದ ಮೇಲೆ ಹಿಡಿದರು. ಘಮಕ್ಕೆ ನನ್ನ ಬಾಯಲ್ಲಿ ನೀರು. ಕಾಕು ಎರಡು ಕಡ್ಡಿ ತಿಂದು, ಮೊರ ಹಿಡಿದು ಬೇಳೆ ಆರಿಸಲು ಕೂತರು. ನಾನು ಕೈ ಚಾಚಿದ್ದಕ್ಕೆ ಪಟ್ಟನೆ ಹೊಡೆದು, "ತಾಸು ತುಂಬಲಿ, ಹೊಟ್ಟಿಬಾಕಿ" ಎಂದರು.

ಒಂದೂವರೆ ತಾಸಾಗಿರಬೇಕು. ಬೇಳೆ ಆರಿಸುವ ಕೈ ನಿಂತಿತು. ಮೇಲ್ದುಟಿಯ ಮೇಲೆ ಬೆವರಿತ್ತು. "ನೀ ಮುಟ್ಟಿಲ್ಲಲ್ಲ?" ಎಂದರು. ತೆವಳಿಕೊಂಡು ಹೋಗಿ ಉಳಿದ ಕಡ್ಡಿಗಳನ್ನೆಲ್ಲ ಒಲೆಗೆ ಹಾಕಿ, ಅದಾದ ಮೇಲೆಯೇ ವಾಂತಿ ಮಾಡಿಕೊಂಡರು. ಆ ವಾಂತಿ ನಿಲ್ಲಲಿಲ್ಲ. ಆಳಂದದ ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ನನ್ನ ಕೈಯೊಳಗಿನ ಅವರ ಕೈ ತಣ್ಣಗಾಗುತ್ತ ಬಂತು, ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡವು. ಕಾಕು, ಕಾಕು ಎಂದು ಅಲುಗಾಡಿಸುತ್ತಿದ್ದೆ.

ಯಾವ ಅಣಬೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ಕಾಕು ಕಣ್ಣು ಮುಚ್ಚಿಕೊಂಡೇ, "ಹುತ್ತದ್ದ್ರಿ. ನಮ್ಮ ಹುಡುಗಿ ತಂದಾಳ" ಎಂದರು. ಸುಮ್ಮನಿದ್ದರೆ ಅವರು ಸಾಯುತ್ತಾರೆ ಅನ್ನಿಸಿತು.

"ಹುತ್ತದ್ದಲ್ರಿ. ತಿಪ್ಪಿದು."

ಕಾಕು ಕಣ್ಣು ತೆರೆದು ನನ್ನನ್ನು ನೋಡಿದರು. ಬೈಯಲಿಲ್ಲ. ಈಗಲೂ ಒಲೆಯ ಮುಂದೆ ಕೂತರೆ ಅದೆಲ್ಲ ಕಣ್ಣ ಮುಂದೆ ಮೊದಲಿನಿಂದ ನಡೆಯುತ್ತದೆ. ಅವರು ಕೇಳುತ್ತಾರೆ, ನಾನು ಹೌದೆನ್ನುತ್ತೇನೆ. ಎಷ್ಟು ಸಲ ನಡೆದರೂ ಹೌದೆಂದೇ ಅನ್ನುತ್ತೇನೆ.

ನಾಲ್ಕು ದಿನ ಸಲೈನು ಹರಿದ ಮೇಲೆ ಬದುಕಿದರು. ಓಣಿಯ ಹೆಂಗಸರು ನೋಡಲು ಬಂದಾಗ ನಾನು ಬಾಯಿ ತೆರೆಯುವ ಮೊದಲೇ, "ನಾನೇ ಆರಿಸಿ ತಂದಿದ್ದೆ. ಕಣ್ಣು ಮಂಜಾಗ್ಯಾವ" ಎಂದುಬಿಟ್ಟರು. ಹೆಂಗಸರು ಹೋದ ಮೇಲೆ ನಾನು ಅಳತೊಡಗಿದೆ.

"ಸುಮ್ನಿರಬೇ. ನಿಂದಿನ್ನ ಲಗ್ನ ಆಗಬೇಕು. ವಿಷ ತಿನಿಸಿದಾಕಿ ಅಂತ ಹೆಸರು ಬಂದ್ರ ಯಾರು ಮಾಡ್ಕೋತಾರ?"

ಆ ಸುಳ್ಳಿಗೆ ಬೆಲೆ ತೆತ್ತವರು ಕಾಕುವೇ. ಕಣ್ಣು ಕಾಣದವಳ ಕೈಯ ಅಡುಗೆ ಯಾಕೆಂದು ಜನ ಹಿಂಜರಿದರು. ಮದುವೆಯ ರೊಟ್ಟಿ ಬೇರೆ ಓಣಿಗೆ ಹೋಯಿತು. ಹಂಚು ಗೋಡೆಗೆ ಒರಗಿತು. ನನ್ನ ಲಗ್ನವಾಯಿತು, ಅದೇ ಊರಿನಲ್ಲಿ, ಮರ್ಯಾದೆಯಿಂದ.

ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಹಣೆಗೆ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆ ನಡೆದಿತ್ತು. ನನ್ನ ಪಕ್ಕದಲ್ಲಿ ಅತ್ತೆ. ಹಿಂದಿನಿಂದ ಒಬ್ಬಾಕೆ ಅಂದಳು: "ರೊಟ್ಟಿ ಕೈ ಛಲೋ ಇತ್ತು. ಅಣಬಿ ಒಂದು ತಿಳೀಲಿಲ್ಲ, ಪಾಪ."

"ತಿಳೀತಿತ್ರಿ ಅವರಿಗೆ" ಎಂದೆ. "ತಿಪ್ಪಿದು ತಂದು ಸುಳ್ಳು ಹೇಳಿದಾಕಿ ನಾನು."

ತಾಳ ನಿಂತಿತು. ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಹಿಂದೆ ಕೂತವರಿಗೆ ಕೇಳಿಸಿರಲಿಕ್ಕಿಲ್ಲವೆಂದು ಎದ್ದು ನಿಂತು ಇನ್ನೊಮ್ಮೆ ಹೇಳಿದೆ.