ಮುಂದಿನ ಸೀಟು ನಾಯಿಯದು

ಅಪ್ಪ ತನ್ನ ಅಕ್ಕನಿಗೆ ಇಟ್ಟ ಹೆಸರು ‘ಮಹಾರಾಣಿ’. ನನಗೆ ಅವಳು ಅತ್ತೆ. ಹಿಂದಿನಿಂದ ಕರೆದರೆ ತಿರುಗುವವಳಲ್ಲ. ಊಟದ ಮೇಜಿನಲ್ಲಿ ಏನಾದರೂ ಕೇಳಿದರೆ ತನಗೆ ಸಂಬಂಧವೇ ಇಲ್ಲವೆಂಬಂತೆ ತಟ್ಟೆ ನೋಡಿಕೊಂಡು ಉಣ್ಣುವವಳು. "ಕೆಲ್ಸ ಬಿಟ್ಮೇಲೆ ಇವ್ಳಿಗೆ ಕೊಬ್ಬು ಜಾಸ್ತಿ ಆಗಿದೆ" ಎಂದು ಅಪ್ಪ ಅವಳ ಬೆನ್ನ ಹಿಂದೆಯೇ ಅನ್ನುತ್ತಿದ್ದ. ಅದಕ್ಕೂ ಅವಳು ತಿರುಗುತ್ತಿರಲಿಲ್ಲ. ನಮಗೆ ಮೈ ಉರಿಯುತ್ತಿತ್ತು.

ಕೆಲಸ ಅಂದರೆ ಬ್ರೆಡ್ ವ್ಯಾನು ಓಡಿಸುವುದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು ಮೂಲೆ ಹಿಡಿದು ಕೂರಲಿಲ್ಲ. ಬೇಕರಿಯಲ್ಲಿ ಟ್ರೇ ಹೊರಲು ಸೇರಿದಳು. ಒಂದು ದಿನ ಡ್ರೈವರ್ ಕೈಕೊಟ್ಟಾಗ, "ನಂಗೆ ಬರುತ್ತೆ, ಕೀ ಕೊಡಿ" ಎಂದು ಯಜಮಾನನ ಮುಂದೆ ಕೈಚಾಚಿ ನಿಂತಳಂತೆ. ಆ ಕೀ ಆಮೇಲೆ ಅವಳ ಕೈಬಿಟ್ಟು ಹೋಗಲೇ ಇಲ್ಲ. ಬೆಳಕು ಹರಿಯುವ ಮೊದಲೇ ಹೊರಟು ಊರಿನ ಓಣಿ ಓಣಿ ಸುತ್ತಿ, ಅಂಗಡಿ ಅಂಗಡಿಗೂ ಬ್ರೆಡ್ಡು ಬನ್ನು ಇಳಿಸಿ, ಖಾಲಿ ಟ್ರೇ ಏರಿಸಿಕೊಂಡು ಬರುವುದೇ ಅವಳ ಬದುಕಾಯಿತು. ನಡುವೆ ಒಂದು ಕೆಂಚು ನಾಯಿಮರಿ ತಾನಾಗಿಯೇ ವ್ಯಾನು ಹತ್ತಿ ಕೂತು ಇಳಿಯಲು ಒಪ್ಪಲಿಲ್ಲ. ಅದರ ಠೀವಿ ನೋಡಿ ‘ಸಾಹೇಬ್ರು’ ಅಂತ ಹೆಸರಿಟ್ಟಳು. ಮುಂದಿನ ಎಡಗಡೆ ಸೀಟು ಅಂದಿನಿಂದ ಸಾಹೇಬರದು.

ಬೇಕರಿಗೆ ಹೊಸ ಗಾಡಿಗಳು ಬಂದಾಗ ಯಜಮಾನ ಹಳೆಯ ವ್ಯಾನನ್ನು ಅವಳಿಗೇ ಬಿಟ್ಟುಕೊಟ್ಟ. ಅವಳು ಬ್ರೆಡ್ ಟ್ರೇ ಕೂರಿಸುವ ಅಡ್ಡಪಟ್ಟಿಗಳನ್ನು ಬಿಚ್ಚಿಸಿ ಒಂದು ಮಂಚ ಮಾಡಿಸಿದಳು. ಟ್ರೇಗಳೇ ಡ್ರಾಯರುಗಳಾದವು. ಒಂದರಲ್ಲಿ ಬಟ್ಟೆ, ಒಂದರಲ್ಲಿ ಪಾತ್ರೆ, ಒಂದರಲ್ಲಿ ನಾಯಿಯ ಸಂಸಾರ. ಬಾಗಿಲ ಪಕ್ಕ ಒಂಟಿ ಒಲೆ, ನೀರಿನ ಡ್ರಮ್ಮು. ಎಷ್ಟು ತೊಳೆದರೂ ಒಳಗೆ ಬ್ರೆಡ್ಡಿನ ವಾಸನೆ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಒಂದು ಸಂಜೆ ಮನೆಯವರ ಮುಂದೆ ನಿಂತು ಹೇಳಿದಳು.

"ನನ್ನ ಕೊನೇ ಅಂಗಡಿ ಸಮುದ್ರದ ಹತ್ರ ಇತ್ತಲ್ಲ, ಅಲ್ಲಿಂದ ದಿನಾ ವಾಪಸ್ ತಿರುಗಿಸ್ತಿದ್ದೆ. ಆ ರಸ್ತೆ ಮುಂದೆ ದಡದ ಗುಂಟ ಹೋಗುತ್ತೆ. ಎಲ್ಲಿ ತನಕ ಹೋಗುತ್ತೆ ನೋಡ್ಬೇಕು. ನಾನೂ ಸಾಹೇಬ್ರೂ ಹೋಗ್ತೀವಿ."

ಅಪ್ಪ ಹಾರಿಬಿದ್ದ. ವಯಸ್ಸಾಯಿತು, ಗಾಡಿಗೂ ವಯಸ್ಸಾಯಿತು, ನಾಯಿಗೂ ವಯಸ್ಸಾಯಿತು ಎಂದ. ಅತ್ತೆ ಪಟ್ಟು ಬಿಡಲಿಲ್ಲ. ಕೊನೆಗೆ ಅಪ್ಪ ಒಂದು ಷರತ್ತು ಹಾಕಿದ. ನಾನು ಜೊತೆಗೆ ಹೋಗಬೇಕು. ದಾರಿಯಲ್ಲಿ ಗಾಡಿಗೆ ಒಂದು ಗೀರು ಬಿದ್ದರೂ ಕೀ ಅಪ್ಪನ ಕೈಗೆ, ಆಮೇಲೆ ಅವಳು ಯಾವ ಗಾಡಿಯನ್ನೂ ಮುಟ್ಟುವಂತಿಲ್ಲ. ಅತ್ತೆ ಅವನ ಬಾಯನ್ನೇ ದಿಟ್ಟಿಸಿ, ಎರಡು ಸಲ ಹೇಳಿಸಿಕೊಂಡು, "ಆಯ್ತು, ಮಾತು ಕೊಟ್ಟೆ" ಎಂದಳು. ನನ್ನನ್ನು ಅಪ್ಪ ಅಡುಗೆಮನೆಗೆ ಕರೆದು, "ಅವ್ಳು ಮುಚ್ಚಿಟ್ರೂ ನೀನು ಮುಚ್ಚಿಡ್ಬೇಡ" ಎಂದ. ಅಲ್ಲಿಗೆ ನಾನು ಗೂಢಚಾರಿಣಿ!

ಹೊರಡುವಾಗ ನಾನು ಹಿಂದೆ ಕೂತರೆ ಹೊಟ್ಟೆ ತೊಳೆಸುತ್ತದೆ ಎಂದೆ. ಅತ್ತೆ ನನ್ನನ್ನೊಮ್ಮೆ, ನಾಯಿಯನ್ನೊಮ್ಮೆ ನೋಡಿದಳು. ಯಾವತ್ತೂ ತಡವರಿಸದವಳು ಆವತ್ತು ತಡವರಿಸಿದ್ದು ನನಗೆ ನೆನಪಿದೆ. "ಮನೆ ಹುಡುಗೀನ ಹಿಂದೆ ಕೂರ್ಸಿ ನಾಯೀನ ಮುಂದೆ ಕೂರ್ಸಿದ್ರೆ ಜನ ಏನಂತಾರೆ" ಎಂದು ಸಾಹೇಬರನ್ನು ಎತ್ತಿ ಹಿಂದಿನ ಮಂಚಕ್ಕೆ ಹಾಕಿದಳು. ಅವರು ನನ್ನ ಕಡೆ ಬೆನ್ನು ಮಾಡಿ ಮಲಗಿದರು.

ಮೊದಲ ದಿನ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ದಾರಿಯಲ್ಲಿ ಯಾವ ದಿನಸಿ ಅಂಗಡಿ ಕಂಡರೂ ಸಾಹೇಬರು ಎದ್ದು ನಿಂತು ಬೊಗಳುತ್ತಿದ್ದರು. ಬ್ರೆಡ್ಡು ಇಳಿಸದೆ ಹೋಗುವುದುಂಟೇ? ಅಂಗಡಿ ಕಂಡೊಡನೆ ಅತ್ತೆ ಅವರ ಕಡೆ ತಿರುಗಿ ನೋಡಿ, ಗಾಡಿ ನಿಲ್ಲಿಸಿ, ಇಳಿದು, ಪಕ್ಕದ ಬಾಗಿಲನ್ನು ಒಮ್ಮೆ ತೆಗೆದು ಒಮ್ಮೆ ಮುಚ್ಚಿ ಬರುತ್ತಿದ್ದಳು. ಅಂಗಡಿಯವರು ಕಣ್ಣು ಕಣ್ಣು ಬಿಡುತ್ತಿದ್ದರು. ಸಾಹೇಬರಿಗೆ ಸಮಾಧಾನವಾಗುತ್ತಿತ್ತು. ಈ ಲೆಕ್ಕದಲ್ಲಿ ರಸ್ತೆಯ ಕೊನೆ ಮುಟ್ಟುವಷ್ಟರಲ್ಲಿ ನನ್ನ ಕೂದಲು ಹಣ್ಣಾಗುತ್ತದೆ ಎಂದುಕೊಂಡೆ. ಅದನ್ನೇ ಜೋರಾಗಿ ಹೇಳಿದೆ ಕೂಡ. ಅತ್ತೆ ಉತ್ತರ ಕೊಡಲಿಲ್ಲ. ಮಹಾರಾಣಿ, ಅಂದುಕೊಂಡೆ.

ಮರುದಿನ ರಸ್ತೆ ಗುಡ್ಡ ಹತ್ತಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಸಮುದ್ರ. ಹಿಂದಿನಿಂದ ಒಂದು ಲಾರಿ ಹಾರನ್ ಹೊಡೆಯತೊಡಗಿತು. ಅತ್ತೆ ರಸ್ತೆಯ ನಡುವೆಯೇ ಹೋಗುತ್ತಿದ್ದಳು. ಲಾರಿ ಮತ್ತೆ ಹೊಡೆಯಿತು, ಉದ್ದಕ್ಕೆ, ತಲೆ ಚಿಟ್ಟು ಹಿಡಿಯುವಂತೆ. "ಅತ್ತೆ, ದಾರಿ ಬಿಡು!" ಎಂದೆ. ಅವಳು ಸಮುದ್ರ ನೋಡಿ ಸಣ್ಣಗೆ ನಗುತ್ತಿದ್ದಳು. ನಾನು ಅವಳ ತೋಳು ಹಿಡಿದು ಎಳೆಯುವುದಕ್ಕೂ ಲಾರಿ ಪಕ್ಕದಲ್ಲಿ ನುಗ್ಗುವುದಕ್ಕೂ ಸರಿಹೋಯಿತು. ಫಟ್ ಎಂದು ನಮ್ಮ ಬಲಗನ್ನಡಿ ಚೂರುಚೂರಾಯಿತು. ಗಾಡಿ ಬಂಡೆಯ ಪಕ್ಕ ಹೋಗಿ ನಿಂತಿತು. ಲಾರಿ ನಿಲ್ಲದೆ ಹೋಯಿತು.

"ಕಿವುಡಿಯೇನು ನೀನು?" ಎಂದು ಕಿರುಚಿದೆ.

ಅವಳು ಈಗ ನನ್ನ ಮುಖವನ್ನೇ ನೋಡುತ್ತಿದ್ದಳು. "ಹೂಂ" ಎಂದಳು.

ನಾನು ಕೆಲಸ ಮಾಡುವುದು ಕಣ್ಣಿನ ಆಸ್ಪತ್ರೆಯಲ್ಲಿ, ಚೀಟಿ ಕೊಡುವ ಕಿಟಕಿಯ ಹಿಂದೆ. ಒಂದೇ ಮನೆಯಲ್ಲಿದ್ದೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಿಟ್ಟು ಕಲಸುವ ಯಂತ್ರದ ಗದ್ದಲ, ಡೀಸೆಲ್ ಇಂಜಿನ್ನಿನ ಗದ್ದಲ ಸೇರಿ ಅವಳ ಕಿವಿಗಳನ್ನು ನಿಧಾನವಾಗಿ ತಿಂದುಹಾಕಿದ್ದವು. ಎದುರಿಗೆ ನಿಂತವರ ಬಾಯಿ ನೋಡಿ ಮಾತು ತಿಳಿಯುತ್ತಿದ್ದಳು. ಗಾಡಿಯಲ್ಲಿ ಸಾಹೇಬರನ್ನು ನೋಡಿ ತಿಳಿಯುತ್ತಿದ್ದಳು. ಹಿಂದೆ ಹಾರನ್ ಆದರೆ ನಾಯಿ ತಲೆ ತಿರುಗಿಸುತ್ತದೆ, ಅದರ ತಲೆ ತಿರುಗಿದರೆ ಇವಳು ಪಕ್ಕಕ್ಕೆ ಸರಿಯುತ್ತಾಳೆ. ಅಂಥ ಸೀಟಿನಲ್ಲಿ ನಾನು ಹೋಗಿ ಕೂತಿದ್ದೆ.

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಏನ್ಮಾಡ್ತಿದ್ರಿ? ಮೊದ್ಲು ಕೀ ಕಿತ್ಕೊಳ್ತೀರಿ. ಆಮೇಲೆ ಒಬ್ಳೇ ರಸ್ತೆ ದಾಟ್ಬೇಡ ಅಂತೀರಿ. ಆಮೇಲೆ ಬಾಗಿಲ ಹತ್ರ ಒಂದು ಕುರ್ಚಿ ಹಾಕಿ, ಕೂತಿರು ಅಂತೀರಿ. ನಾನು ಕೂರೋಳಲ್ಲ ಕಣೇ."

ಅಪ್ಪನಿಗೆ ಹೇಳುವುದೋ ಬೇಡವೋ ಎಂದು ನಾನು ಒದ್ದಾಡುತ್ತಿರುವಾಗಲೇ ಅವಳು ನನ್ನ ಫೋನು ತೆಗೆದುಕೊಂಡು, ಅಪ್ಪನಿಗೆ ಹಚ್ಚಿಸಿಕೊಂಡಳು. "ನೋಡು, ಕನ್ನಡಿ ಒಡೀತು. ತಪ್ಪು ನಂದೇ. ನಂಗೆ ಕಿವಿ ಕೇಳ್ಸಲ್ಲ, ಅದನ್ನ ಮುಚ್ಚಿಟ್ಟಿದ್ದೆ. ಕೀ ಬೇಕಾದ್ರೆ ಬಂದು ಕೇಳು. ಈಗ ನೀನು ಏನು ಕೂಗಾಡ್ತಿದೀಯೋ ಅದೂ ಕೇಳ್ಸಲ್ಲ" ಎಂದು ಕಟ್ ಮಾಡಿದಳು. ಫೋನು ತಕ್ಷಣ ಹೊಡೆದುಕೊಂಡಿತು. ಎತ್ತಿದರೆ ಅಪ್ಪ, ಮೊದಲ ಬಸ್ಸು ಹಿಡಿದು ಬರುತ್ತೇನೆ, ಅಲ್ಲಿಯವರೆಗೆ ಗಾಡಿ ಅಲುಗಾಡಬಾರದು ಎಂದ.

ಬಂಡೆಯ ಪಕ್ಕ ನಿಂತಿರುವಂತಿರಲಿಲ್ಲ. ಸಾಹೇಬರನ್ನು ಮುಂದಿನ ಸೀಟಿಗೆ ಮರಳಿಸಿ, ನಾನು ಹಿಂದೆ ಹೋಗಿ, ತೆವಳಿದಂತೆ ಗುಡ್ಡದ ಕೆಳಗಿನ ಪೇಟೆಯ ಗ್ಯಾರೇಜಿಗೆ ಬಂದೆವು. ಮೆಕ್ಯಾನಿಕ್ ದಪ್ಪ ಮೀಸೆಯ ಮನುಷ್ಯ. ಒಡೆದದ್ದನ್ನು ಬಿಟ್ಟು ಒಡೆಯದ ಎಡಗನ್ನಡಿಯ ಮುಂದೆ ಬಗ್ಗಿ ನಿಂತ. "ಅಮ್ಮಾ, ಇದನ್ಯಾರು ಹೀಗೆ ತಿರುಗಿಸಿದ್ದು? ಹಿಂದಿನ ರಸ್ತೆನೇ ಕಾಣಲ್ಲ. ಬರೀ ನಿಮ್ಮ ಚಕ್ರ ಕಾಣುತ್ತೆ."

ಅತ್ತೆ ಹಣೆ ಚಚ್ಚಿಕೊಂಡಳು. ಬ್ರೆಡ್ ವ್ಯಾನಿನವರು ಎರಡೂ ಕನ್ನಡಿಗಳನ್ನು ಕೆಳಕ್ಕೆ ಬಗ್ಗಿಸಿಕೊಳ್ಳುತ್ತಾರಂತೆ. ಕಿರಿದಾದ ಓಣಿಗಳಲ್ಲಿ ಅಂಗಡಿ ಮೆಟ್ಟಿಲಿಗೆ ಒತ್ತಿ ನಿಲ್ಲಿಸಬೇಕಲ್ಲ, ಹಿಂದಿನ ಚಕ್ರ ಮೆಟ್ಟಿಲಿಗೆ ಉಜ್ಜದಂತೆ ನೋಡಿಕೊಳ್ಳಲು. ಅಲ್ಲಿ ಹಿಂದೆ ವೇಗವಾಗಿ ಬರುವವರು ಯಾರೂ ಇಲ್ಲ. ಅದೇ ಕನ್ನಡಿ ಇಟ್ಟುಕೊಂಡು ಅವಳು ಹೆದ್ದಾರಿಗೆ ಬಂದಿದ್ದಳು. "ಕಿವಿ ಹೋದದ್ದು ನನ್ನ ಕೈಲಿಲ್ಲ. ಇದು ನನ್ನ ಕೈಲೇ ಇತ್ತಲ್ಲೇ! ಎಂಥ ದಡ್ಡಿ ನಾನು" ಎಂದು ತನ್ನನ್ನೇ ಬೈದುಕೊಂಡಳು. ಆ ಸಿಟ್ಟಿನಲ್ಲೇ ಲಾರಿಗೆ ಹಾಕುವ ದೊಡ್ಡ ಕನ್ನಡಿಗಳನ್ನು ಎರಡೂ ಕಡೆ ಹಾಕಿಸಿದಳು. ಕತ್ತಲಾಗುವವರೆಗೆ ಸೀಟಿನಲ್ಲಿ ಕೂತು, ನನ್ನನ್ನು ಗಾಡಿಯ ಹಿಂದೆ ಅತ್ತಿಂದಿತ್ತ ನಡೆಸಿ, ನಾನು ಎಲ್ಲಿ ಕಾಣುತ್ತೇನೆ ಎಲ್ಲಿ ಮಾಯವಾಗುತ್ತೇನೆ ಎಂದು ನೋಡಿ ನೋಡಿ ಕನ್ನಡಿ ಸರಿಮಾಡಿಕೊಂಡಳು. ನನ್ನ ಕಾಲು ಬಿದ್ದುಹೋದವು.

ಬೆಳಿಗ್ಗೆ ಅಪ್ಪ ಬಸ್ಸಿಳಿದು ನೇರ ಗ್ಯಾರೇಜಿಗೆ ಬಂದ. ಮುಖ ಊದಿಕೊಂಡಿತ್ತು. "ಎಷ್ಟು ದಿನದಿಂದ ಕೇಳ್ಸಲ್ಲ?" ಎಂದ.

"ನೀನು ನನ್ನನ್ನ ಮಹಾರಾಣಿ ಅನ್ನೋಕೆ ಶುರು ಮಾಡೋ ಮೊದ್ಲಿಂದ."

"ಅದು... ಅದು ನಿಂಗೆ ಹೇಗೆ ಗೊತ್ತು?"

"ಬಾಯಿ ಓದ್ತೀನಿ ಕಣೋ. ನೀನು ಕದ್ದು ಬೈಯುವಾಗ ಬೀರುವಿನ ಗಾಜಿನಲ್ಲಿ ಕಾಣ್ತಿದ್ದೆ."

ಅಪ್ಪ ನೆಲ ನೋಡಿದ. ನನಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆದರೂ ಅಪ್ಪ ಕೈಚಾಚಿದ. "ಷರತ್ತು ಷರತ್ತೇ ಅಕ್ಕ. ನಿಂಗೇನಾದ್ರೂ ಆದ್ರೆ ನಾನೇನ್ಮಾಡ್ಲಿ? ಕೀ ಕೊಡು." ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದು ಅತ್ತೆಗೂ ಕಂಡಿರಬೇಕು.

ಅವಳು ಕೀ ತೆಗೆದು ಅವನ ಅಂಗೈಯಲ್ಲಿಟ್ಟಳು, ಆದರೆ ತನ್ನ ಕೈ ಅದರ ಮೇಲಿಂದ ತೆಗೆಯಲಿಲ್ಲ. "ಕೊಟ್ಟೆ. ಮಾತು ತಪ್ಪಲ್ಲ. ಈಗ ನಿನ್ನ ಹತ್ರ ಒಂದು ಕೇಳ್ತೀನಿ. ಮೆಕ್ಯಾನಿಕ್ ಹತ್ರ ಅವ್ರ ಜೀಪು ಕೇಳಿ ತಗೊಂಡು ನನ್ನ ಹಿಂದೆ ಬಾ. ಅಗೋ, ದಡದಲ್ಲಿ ಹಡಗಿನವ್ರ ದೀಪಸ್ತಂಭ ಕಾಣುತ್ತಲ್ಲ, ಅಲ್ಲಿ ತನಕ. ನಿಂಗೆ ಇಷ್ಟ ಬಂದಾಗ ಹಾರನ್ ಹೊಡಿ. ಒಂದೇ ಒಂದು ಸಲ ನಾನು ದಾರಿ ಬಿಡ್ದಿದ್ರೆ ಈ ಗಾಡಿ ಮಾರಿಬಿಡು, ನಾನೇ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂರ್ತೀನಿ."

ಅಪ್ಪ ಕೀಯನ್ನು ಅವಳ ಕೈಗೇ ಮರಳಿಸಿದ. ಹೊರಟೆವು. ನಾನು ಹಿಂದಿನ ಮಂಚದಲ್ಲಿ ಕೂತು, ಅಪ್ಪನಿಗಿಂತ ಹೆಚ್ಚು ಹೆದರಿಕೊಂಡು ಮುಂದೆ ನೋಡುತ್ತಿದ್ದೆ. ಮೊದಲ ಹಾರನ್ ಪೇಟೆ ದಾಟುವಾಗಲೇ ಬಂತು. ಸಾಹೇಬರ ತಲೆ ತಿರುಗಿತು, ಗಾಡಿ ಎಡಕ್ಕೆ ಸರಿಯಿತು. ಎರಡನೆಯದು ತಿರುವಿನಲ್ಲಿ, ಬೇಕೆಂದೇ ಮೆಲ್ಲಗೆ. ಅದಕ್ಕೂ ಸರಿಯಿತು. ಅಪ್ಪ ಹಟಕ್ಕೆ ಬಿದ್ದವನಂತೆ ಹೊಡೆಯುತ್ತಲೇ ಇದ್ದ.

ಆಮೇಲೆ ರಸ್ತೆ ಬದಿಯಲ್ಲಿ ಒಂದು ದಿನಸಿ ಅಂಗಡಿ ಬಂತು. ಸಾಹೇಬರು ಎದ್ದು ಕಿಟಕಿಗೆ ಮುಂಗಾಲು ಕೊಟ್ಟು ಒಂದೇ ಸಮ ಬೊಗಳತೊಡಗಿದರು. ಸರಿಯಾಗಿ ಆಗಲೇ ಹಿಂದಿನಿಂದ ಹಾರನ್ ಬಂತು. ನಾಯಿಗೆ ಅಂಗಡಿಯ ಧ್ಯಾನ, ತಲೆ ತಿರುಗಲೇ ಇಲ್ಲ. ತೋಳು ಹಿಡಿದೆಳೆಯಲು ನನ್ನ ಕೈ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅತ್ತೆಯ ಕಣ್ಣು ಒಮ್ಮೆ ಬಲಗನ್ನಡಿಗೆ ಹೋಗಿ ಬಂತು. ಇಂಡಿಕೇಟರ್ ಹಾಕಿದಳು. ಆರಾಮವಾಗಿ ಪಕ್ಕಕ್ಕೆ ಸರಿದು ಜೀಪಿಗೆ ದಾರಿ ಬಿಟ್ಟಳು. "ಸಾಹೇಬ್ರು ಕೆಲ್ಸ ಬಿಟ್ರು ಅಂತ ನಾನೂ ಬಿಡೋಕಾಗುತ್ತಾ?" ಎಂದಳು. ನನಗೆ ಅಳು ಬಂತು, ಅತ್ತುಬಿಟ್ಟೆ.

ದೀಪಸ್ತಂಭದ ಹತ್ತಿರ ಎರಡೂ ಗಾಡಿಗಳು ನಿಂತವು. ಅಲ್ಲಿಂದ ಮುಂದೆ ರಸ್ತೆ ಇನ್ನೂ ದಡದ ಗುಂಟ ಹೋಗುತ್ತಲೇ ಇತ್ತು. ಅಪ್ಪ ಇಳಿದು ನಮ್ಮ ವ್ಯಾನಿನ ಹಿಂದಿನಿಂದ ನಡೆದು ಬಂದ. ಕಿಟಕಿಯ ಪಕ್ಕಕ್ಕೆ ಬಂದು, "ಅಕ್ಕಾ" ಎಂದ. ಅತ್ತೆ ಆ ರಸ್ತೆಯನ್ನೇ ನೋಡುತ್ತಿದ್ದಳು, ತಿರುಗಲಿಲ್ಲ. ನಾನು ಅವಳ ಭುಜ ತಟ್ಟಲು ಹೋದೆ. ಬೇಡವೆಂದು ಅಪ್ಪ ಕೈ ಸನ್ನೆ ಮಾಡಿದ.

ಅವನು ಗಾಡಿಯನ್ನು ಸುತ್ತಿಕೊಂಡು ಮುಂದಕ್ಕೆ ಹೋದ. ಗಾಜಿನ ಎದುರು, ಅವಳಿಗೆ ಸರಿಯಾಗಿ ಕಾಣುವಂತೆ, ರಸ್ತೆಯ ನಡುವೆ ನಿಂತ. ಕಣ್ಣು ತುಂಬಿತ್ತು. ಬಾಯಿ ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ:

"ಅಕ್ಕಾ... ಹೋಗಿ... ಬಾ."

ಅತ್ತೆ ತಮ್ಮನ ಮುಖ ನೋಡಿದಳು. ಮೂಗು ಒರೆಸಿಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಡ್ಡ ನಿಂತ್ಕೊಂಡು ಹೋಗಿ ಬಾ ಅಂದ್ರೆ ಎಲ್ಲಿಂದ ಹೋಗ್ಲೋ? ಪಕ್ಕಕ್ಕೆ ಸರಿ!"

ಅಪ್ಪ ಸರಿದ.