ಜೀಪು ಕಲಿಸಿದ ವಿಜ್ಞಾನದ ಮೇಷ್ಟ್ರು

ನಾನು ಚಿಂತಾಮಣಿಯಲ್ಲಿ ಹೈಸ್ಕೂಲಿನ ಕೊನೆಯ ವರ್ಷ ಓದುತ್ತಿದ್ದಾಗ ನಮ್ಮ ಶಾಲೆಗೆ ಒಂದು ಜೀಪು ಬಂತು. ಅರವತ್ತರ ದಶಕದ ಮಾತು. ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಗಾಡಿ ಅದು. ಊರಿನ ಜಮೀನುದಾರರೊಬ್ಬರು ಕೊಂಡು ತಂದು, "ನೇಗಿಲು ಹಿಡಿಯೋದು ಹುಡುಗರು ಮನೇಲೇ ಕಲೀತಾರೆ. ಇದನ್ನ ನೀವು ಕಲಿಸಿ" ಎಂದು ಶಾಲೆಯ ಬೇವಿನ ಮರದಡಿ ನಿಲ್ಲಿಸಿ ಹೋದರು.

ಹೆಡ್ಮಾಸ್ಟರು ಆ ಕೆಲಸವನ್ನು ವಿಜ್ಞಾನದ ಮೇಷ್ಟರಿಗೆ ಒಪ್ಪಿಸಿದರು. ಯಂತ್ರಗಳ ಪಾಠ ಮಾಡುವವರು ಅವರೇ ತಾನೆ.

ಶನಿವಾರ ಮಧ್ಯಾಹ್ನ ಹತ್ತು ಹುಡುಗರಿಗೆ ಕಲಿಕೆ ಶುರುವಾಯಿತು. ನಾವೆಲ್ಲ ಅದೇ ದಿನ ಗಾಡಿ ಓಡಿಸುವ ಕನಸಿನಲ್ಲಿದ್ದೆವು. ಮೇಷ್ಟರು ಬಾನೆಟ್ ಎತ್ತಿ ರೇಡಿಯೇಟರ್ ತೋರಿಸಿದರು. ಮುಂದಿನ ವಾರ ಗೇರು, ಅದರ ಮುಂದಿನ ವಾರ ಬ್ರೇಕು. ಇಂಜಿನ್ ಮಾತ್ರ ಅವರು ಚಾಲೂ ಮಾಡಲೇ ಇಲ್ಲ. "ಮೇಷ್ಟ್ರಿಗೆ ಜೀವಭಯ ಕಣ್ರೋ" ಎಂದು ನಾನೇ ಎಲ್ಲರನ್ನೂ ನಗಿಸುತ್ತಿದ್ದೆ.

ಒಂದು ಭಾನುವಾರ ಚಿಕ್ಕಪ್ಪನ ಜೊತೆ ಬಸ್ಸಿನ ಮೇಲೆ ಆಲೂಗಡ್ಡೆ ಮೂಟೆಗಳನ್ನು ಹಾಕಿಕೊಂಡು ಚಿಕ್ಕಬಳ್ಳಾಪುರದ ಮಂಡಿಗೆ ಹೋಗಿದ್ದೆ. ಮಂಡಿಯ ಹಿಂದಿನ ಬಯಲಿನಲ್ಲಿ ಒಂದು ಲಾರಿ ಕುಪ್ಪಳಿಸುತ್ತ ಬಂದು ಗಕ್ಕನೆ ನಿಂತಿತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಡ್ರೈವರು, "ಕ್ಲಚ್ಚು ನಿಧಾನವಾಗಿ ಬಿಡಿ ಅಂತ ಎಷ್ಟು ಸಲ ಹೇಳ್ಲಿ ಮೇಷ್ಟ್ರೇ?" ಎಂದು ಗದರಿದರು. ಸ್ಟೀರಿಂಗ್ ಹಿಡಿದು ಬೆವರುತ್ತಿದ್ದವರು ನಮ್ಮ ಮೇಷ್ಟರು.

ಅವರೂ ನನ್ನನ್ನು ನೋಡಿದರು. ಕೆಳಗಿಳಿದು ಬಂದು ಚಿಕ್ಕಪ್ಪನ ಹತ್ತಿರ ಈ ಸಲದ ಫಸಲಿನ ವಿಚಾರ ಮಾತಾಡಿದರು. ಮಾತು ಮುಗಿಸಿ ಮತ್ತೆ ಲಾರಿ ಹತ್ತಿದರು. ಬಸ್ಸಿನಲ್ಲಿ ವಾಪಸು ಬರುವಾಗ, ಇದನ್ನು ಗೆಳೆಯರಿಗೆ ಹೇಗೆ ನಟಿಸಿ ತೋರಿಸಬೇಕೆಂದು ಯೋಚಿಸುತ್ತ ಬಂದೆ.

ಆದರೆ ಸೋಮವಾರ ನಾನು ಬಾಯಿಬಿಡುವ ಮುಂಚೆಯೇ ಅವರು ತರಗತಿಗೆ ಬಂದು ಹೇಳಿದರು. "ನಂಗೆ ಗಾಡಿ ಓಡಿಸೋಕೆ ಬರಲ್ಲ ಕಣ್ರಪ್ಪ. ಭಾನುವಾರ ಭಾನುವಾರ ಹೋಗಿ ಕಲೀತಾ ಇದೀನಿ. ಕಲಿತಷ್ಟನ್ನ ನಿಮಗೆ ಹೇಳ್ತಾ ಇದೀನಿ."

ಹಿಂದಿನ ಬೆಂಚಿನವನೊಬ್ಬ ಎದ್ದು, "ಮೊದ್ಲೇ ಯಾಕೆ ಹೇಳ್ಲಿಲ್ಲ ಸಾರ್?" ಎಂದ.

"ನಾಚಿಕೆ. ಹೆಡ್ಮಾಸ್ಟ್ರು ಕೇಳಿದಾಗ ಬರಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನಿಮ್ಮ ಮುಂದೆ ಅದೇ ತಪ್ಪು ಮಾಡ್ದೆ."

ಯಾರೂ ನಗಲಿಲ್ಲ. ನಾನು ಡೆಸ್ಕಿನ ಮೇಲಿನ ಮಸಿಕಲೆ ನೋಡುತ್ತ ಕೂತೆ. ನನ್ನ ಹಾಸ್ಯವೆಲ್ಲ ಅವರ ಕಿವಿಗೆ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಅದರ ಬಗ್ಗೆ ಅವರು ಎಂದೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ಜೀಪು ಚಾಲೂ ಆಯಿತು. "ರಸ್ತೆಗಿಳಿಯೋ ವಯಸ್ಸಲ್ಲ ನಿಮ್ದು. ಎಲ್ಲಾ ಈ ಮೈದಾನದಲ್ಲೇ" ಎಂದು ಕಟ್ಟುನಿಟ್ಟು ಮಾಡಿದ್ದರು. ಮೊದಲ ಸರದಿ ನನಗೇ ಬಂತು. ಕ್ಲಚ್ಚು ಬಿಟ್ಟೆ, ಜೀಪು ಮುಗ್ಗರಿಸಿ ನಿಂತಿತು. ಮತ್ತೆ ಹಾಗೇ ಆಯಿತು. ನಾಲ್ಕನೆಯ ಸಲಕ್ಕೆ ಮರದ ಕೆಳಗಿದ್ದವರೆಲ್ಲ ಕೇಕೆ ಹಾಕುತ್ತಿದ್ದರು.

"ನಾನು ಮೊದಲ್ನೇ ದಿನ ಹನ್ನೊಂದು ಸಲ ನಿಲ್ಲಿಸಿದ್ದೆ" ಎಂದರು ಪಕ್ಕದಲ್ಲಿದ್ದ ಮೇಷ್ಟರು. "ನಿಂಗಿನ್ನೂ ಏಳು ಸಲ ಬಾಕಿ ಇದೆ. ನಿಧಾನವಾಗಿ ಮಾಡಪ್ಪ."

ಆರನೆಯ ಸಲಕ್ಕೆ ಜೀಪು ಹೊರಟಿತು. ಹುಟ್ಟಿನಿಂದ ಗಾಡಿ ಓಡಿಸಿದವರು ಪಕ್ಕದಲ್ಲಿ ಕೂತಿದ್ದರೆ ಬಹುಶಃ ನಾನು ಎರಡನೆಯ ಸಲಕ್ಕೇ ಇಳಿದು ಓಡಿಹೋಗುತ್ತಿದ್ದೆ.

ಮುಂದೆ ನನಗೆ ವ್ಯವಸಾಯ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಹಳ್ಳಿ ಹಳ್ಳಿ ತಿರುಗುವ ಕೆಲಸ. ಗಾಡಿ ಓಡಿಸಲು ಬರುತ್ತದೆ ಎಂಬುದೂ ಅದಕ್ಕೆ ನೆರವಾಯಿತು. ಲೈಸೆನ್ಸ್ ಕೈಗೆ ಬಂದ ವಾರವೇ ಹಣ್ಣು ತೆಗೆದುಕೊಂಡು ಮೇಷ್ಟರ ಮನೆಗೆ ಹೋದೆ. ಕಾಲಿಗೆ ನಮಸ್ಕಾರ ಮಾಡಿ, ಅಂದು ಆಡಿಕೊಂಡು ನಕ್ಕಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಅದನ್ನು ಕೈಬೀಸಿ ತಳ್ಳಿಹಾಕಿ, ಕಾಫಿ ಕುಡಿಸಿ, ಚಪ್ಪಲಿ ಮೆಟ್ಟಿಕೊಂಡರು.

"ಬಾ, ಸ್ಕೂಲ್ ಹತ್ರ ಹೋಗಣ. ಜೀಪು ಇನ್ನೂ ಅಲ್ಲೇ ಇದೆ. ರಿವರ್ಸ್ ತಗೊಳ್ಳೋದು ನಂಗಿನ್ನೂ ಸರಿಯಾಗಿ ಬರಲ್ಲ. ಒಸಿ ಹೇಳಿಕೊಡು."

ಆ ಸಂಜೆ ಅವರು ಸ್ಟೀರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕೂತೆ.