ಮೂಡಲಿಗೆ ಮುಖ ಮಾಡಿ

ಯಗಟಿ, ನವೆಂಬರ್ ೧೯೭೭

ಕಡೂರಿನ ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೂತಿದ್ದೆ. ಆಂಧ್ರದ ಕರಾವಳಿಗೆ ಚಂಡಮಾರುತ ಅಪ್ಪಳಿಸಲಿದೆ ಎಂದು ರೇಡಿಯೊ ಹೇಳುತ್ತಿತ್ತು. ಅಂಗಡಿಯ ಗೌರಮ್ಮನ ಗಂಡ ಕಂಬಳಿ ಮಾರಲು ಅಲ್ಲಿಗೇ ಹೋಗಿ ತಿಂಗಳಾಗಿತ್ತಂತೆ.

“ಸುಂಟರಗಾಳಿ ತಾನೇ ಸ್ವಾಮಿ? ನಮ್ ಹೊಲದಲ್ಲೂ ಬತ್ತದೆ. ಥೂ ಅಂತ ಉಗುದ್ರೆ ದಾರಿ ಬಿಡ್ತದೆ,” ಎಂದಳು.

“ಇದು ದೊಡ್ಡದಮ್ಮ. ಕಡೂರು, ತರೀಕೆರೆ, ಅಜ್ಜಂಪುರ ಮೂರನ್ನೂ ಒಟ್ಟಿಗೆ ನುಂಗುವಷ್ಟು,” ಎಂದೆ. ಹೇಳಬಾರದಿತ್ತು.

ಲೋಟ ತೊಳೆಯುತ್ತಿದ್ದ ಅವಳ ಕೈ ನಿಂತಿತು. “ನಮ್ಮನೆಯೋರಿಗೆ ಜನರ ಮುಂದೆ ಉಗಿಯೋಕೆ ನಾಚ್ಕೆ. ಹೊಲದಲ್ಲಿ ಗಾಳಿ ಎದ್ರೆ ನನ್ ಬೆನ್ನ ಹಿಂದೆ ಬಂದು ನಿಂತ್ಕೊಳ್ಳೋರು. ನಾನೇ ಉಗೀತಿದ್ದೆ. ಅಲ್ಲಿ ಯಾರವ್ರೆ?”

ಆಮೇಲೆ, ಆಂಧ್ರ ಯಾವ ಕಡೆ ಎಂದು ಕೇಳಿದಳು. ಮೂಡಲಿಗೆ ಕೈ ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ರಸ್ತೆಗಿಳಿದಳು. ಅತ್ತ ತಿರುಗಿ, ಹಿಂದೆ ಯಾರೋ ನಿಂತಿದ್ದಾರೆನ್ನುವಂತೆ ತೋಳು ಅಗಲಿಸಿ, ಮೂರು ಸಲ ಉಗಿದಳು.

ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಊರು ದಾಟಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ನಾನೂ ಮೂಡಲಿಗೆ ಉಗಿದೆ.